ಅಜ್ಜ ಕುಳಿತು ಇಳಿದ ಲಿಫ್ಟು

ನಗರದ ಲಿಫ್ಟುಗಳನ್ನು ವಿಡಿಯೊ ಮಾಡುವುದು ನನ್ನ ಹವ್ಯಾಸ. ಇವತ್ತು ಬೇಗಂ ಬಜಾರಿನ ಹಳೆಯ ಲಿಫ್ಟಿನ ಜಾಲರಿ ಬಾಗಿಲು ಎಳೆದಾಗ ಬಂದ ಗ್ರೀಸಿನ ವಾಸನೆಗೆ, ಲಿಂಗಂಪಲ್ಲಿಯಲ್ಲಿ ನಾವಿದ್ದ ಅಪಾರ್ಟ್‌ಮೆಂಟಿನ ಲಿಫ್ಟು ನೆನಪಾಯಿತು.

ಅಜ್ಜ ತೀರಿಕೊಂಡ ದಿನ ಅಲ್ಲಿನ ನಿವಾಸಿಗಳ ಸಂಘದ ಸೆಕ್ರೆಟರಿ ಮನೆಗೇ ಬಂದರು. ಮಕ್ಕಳು ಹೆದರುತ್ತಾರೆ, ಹೆಣ ಮಲಗಿಸಲು ಲಿಫ್ಟಿನಲ್ಲಿ ಜಾಗವೂ ಸಾಲದು, ಮೆಟ್ಟಿಲಿಂದಲೇ ಇಳಿಸಿ ಎಂದರು.

ಅಜ್ಜಿ ಕಣ್ಣೊರೆಸಿಕೊಂಡರು. "ನಮ್ಮ ಮಂದ್ಯಾಗ ಸತ್ತವರನ್ನ ಮಲಗಿಸಂಗಿಲ್ರಿ, ಕೂಡಿಸ್ತೀವಿ. ಇವರು ಮೊಣಕಾಲು ನೋವಂತ ದಿನಾ ಲಿಫ್ಟಿನ್ಯಾಗ ಕುರ್ಚಿ ಹಾಕ್ಕೊಂಡು ಇಳೀತಿದ್ರು. ಇವತ್ತೂ ಹಂಗ ಇಳೀತಾರ. ಹೆದರಿಕಿ ಇದ್ದವರು ಮೆಟ್ಟಲ ಇಳೀರಿ."

ಸೆಕ್ರೆಟರಿ ಸರಿದು ನಿಂತರು. ವಿಭೂತಿ ಹಚ್ಚಿ ಕುರ್ಚಿಯಲ್ಲಿ ಕೂಡಿಸಿದ್ದ ಅಜ್ಜನ ಭುಜ ಹಿಡಿದು, ಅಜ್ಜಿ ತಾವೇ ಲಿಫ್ಟಿನ ಗುಂಡಿ ಒತ್ತಿದರು.

ಯಾರನ್ನಾದರೂ ಲಿಫ್ಟಿನಿಂದ ದೂರವಿಡುವ ಮಾತು ಕಂಡರೆ ಈಗಲೂ ನನಗೆ ಆ ದಿನವೇ ನೆನಪಾಗುತ್ತದೆ; ಮನೆಗೆಲಸದವರು ಲಿಫ್ಟು ಹತ್ತಬಾರದೆಂಬ ಫಲಕ ಎಲ್ಲೇ ಕಂಡರೂ ನಾನು ಮೊದಲು ಅದನ್ನೇ ಚಿತ್ರೀಕರಿಸುತ್ತೇನೆ.