ಒಣ ಲೇನಿಗೆ ಹಳೆಯ ಚೆಂಡು

ಎಣ್ಣೆ ಸವರದ ಲೇನ್ ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಬೌಲಿಂಗ್ ಎಂದರೆ ದೊಡ್ಡ ಚೆಂಡು ಉರುಳಿಸಿ ಹತ್ತು ಪಿನ್ನುಗಳನ್ನು ಬೀಳಿಸುವ ಆಟ ಎಂದಷ್ಟೇ ಗೊತ್ತಿರುವವರಿಗೆ ಈ ಸಿಟ್ಟು ಅರ್ಥವಾಗುವುದಿಲ್ಲ. ಆ ಉದ್ದನೆಯ ಹಾದಿಗೆ ದಿನವೂ ತೆಳ್ಳಗೆ ಎಣ್ಣೆ ಬಳಿಯಬೇಕು. ಎಣ್ಣೆ ಇದ್ದಲ್ಲಿ ಚೆಂಡು ಜಾರುತ್ತದೆ, ಎಣ್ಣೆ ಮುಗಿದಲ್ಲಿ ನೆಲವನ್ನು ಕಚ್ಚಿ ತಿರುಗುತ್ತದೆ. ಆಟದ ಕಸುಬೆಲ್ಲ ಅಷ್ಟರಲ್ಲೇ ಇದೆ. ಬಸವೇಶ್ವರನಗರದಲ್ಲಿ ನನ್ನ ಮಗಳು ಆಡುತ್ತಿದ್ದ ಕಾಂಪ್ಲೆಕ್ಸಿನ ಮೂರನೇ ಮಹಡಿಯಲ್ಲಿ ಎಣ್ಣೆ ಬಳಿಯುವ ಮಷೀನು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಯಾಕಪ್ಪಾ ಎಂದು ಮ್ಯಾನೇಜರನ್ನು ಕೇಳಿದೆ.

"ಇಲ್ಲಿ ಬರೋದೆಲ್ಲ ಬರ್ತ್‌ಡೇ ಪಾರ್ಟಿ ಮಕ್ಳು ಸಾರ್. ಅವ್ರಿಗೆ ಎಣ್ಣೆ ಹಾಕಿದ್ರೇನು, ಬಿಟ್ರೇನು?" ಎಂದು ಹಲ್ಲು ಕಿರಿದ.

ಜೂನಿಯರ್ ತಂಡದ ಆಯ್ಕೆ ನಡೆಯಬೇಕಿದ್ದದ್ದು ಅದೇ ಲೇನುಗಳಲ್ಲಿ. ವಯಸ್ಸಿನ ಪ್ರಕಾರ ಮಗಳಿಗೆ ಅದೇ ಕೊನೆಯ ಅವಕಾಶ. ಗೆಳತಿಯ ಹುಟ್ಟುಹಬ್ಬಕ್ಕೆಂದು ಹೋಗಿ ಆಟಕ್ಕೆ ಅಂಟಿಕೊಂಡ ಹುಡುಗಿ ಅವಳು. ನಾಲ್ಕು ವರ್ಷದಿಂದ ದಿನವೂ ಕ್ಲಾಸು ಮುಗಿಸಿಕೊಂಡು ನೇರ ಅಲ್ಲಿಗೇ ಹೋಗಿ, ಬಿಡದೆ ಬೆವರು ಸುರಿಸಿದ್ದಳು. ಅವಳ ಹತ್ತಿರವಿದ್ದದ್ದು ಈಚಿನ ನಮೂನೆಯ ಹೊಳೆಯುವ ಚೆಂಡು. ಅದರ ಮೈಯನ್ನು ಮಾಡಿರುವುದೇ ಎಣ್ಣೆಯ ಲೇನಿಗಾಗಿ. ಒಣ ನೆಲ ಸಿಕ್ಕರೆ ಅರ್ಧ ದಾರಿಯಲ್ಲೇ ಎಡಕ್ಕೆ ತಿರುಗಿ ಲೇನಿನ ಪಕ್ಕದ ಗಟಾರಕ್ಕೆ ಬೀಳುತ್ತಿತ್ತು. ಅಲ್ಲಿನ ಕೋಚ್ ತಲೆ ಕೆರೆದುಕೊಂಡು, ಇನ್ನೊಂದು ಹೊಸದು ತರಿಸೋಣ ಎಂದ. ಅವನ ಹತ್ತಿರ ಎಲ್ಲ ಕಾಯಿಲೆಗೂ ಒಂದೇ ಮಾತ್ರೆ. ನಾನು ಅವನಿಗೆ ಬಾಯಿಗೆ ಬಂದದ್ದು ಅಂದು ಬಂದೆ.

ಗೋವಿಂದರಾಜನಗರದಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪ್ ಇದೆ. ನಲವತ್ತು ವರ್ಷದಿಂದ ಕಬ್ಬಿಣ ತಿರುವುವುದು, ಕೊರೆಯುವುದೇ ನನ್ನ ಬದುಕು. ಕೋಪ ನನಗೆ ಮೂಗಿನ ತುದಿಯಲ್ಲಿ ಎಂದು ಮನೆಯವರು, ಗಿರಾಕಿಗಳು ಎಲ್ಲರೂ ಹೇಳುತ್ತಾರೆ. ಹೇಳಲಿ. ಕೆಲಸ ಕೆಟ್ಟಾಗ ಸಿಟ್ಟು ಬರದವನು ಕೆಲಸಗಾರನೇ ಅಲ್ಲ ಎಂಬುದು ನನ್ನ ಎಣಿಕೆ.

ಕೆಂಗೇರಿ ಉಪನಗರದಲ್ಲಿ ಒಬ್ಬರು ಹಿರಿಯರಿದ್ದರು. ಒಂದು ಕಾಲಕ್ಕೆ ಟೂರ್ನಮೆಂಟುಗಳಲ್ಲಿ ಆಡಿ, ಮಂಡಿ ಕೈಕೊಟ್ಟ ಮೇಲೆ ಆಟ ಬಿಟ್ಟವರು. ಅವರ ಮನೆಯ ಪಂಪಿನ ಶಾಫ್ಟ್ ಒಮ್ಮೆ ನಾನೇ ಸರಿಮಾಡಿಕೊಟ್ಟಿದ್ದೆ. ಫೋನಿನಲ್ಲಿ ವಿಷಯ ಹೇಳಿ, ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋದೆ. ಅವರು ಮೂರು ಚೆಂಡುಗಳನ್ನು ಉರುಳದ ಹಾಗೆ ಮೂರು ಬಟ್ಟೆಯ ಸಿಂಬಿಗಳ ಮೇಲೆ ಇಟ್ಟುಕೊಂಡು ಪಡಸಾಲೆಯಲ್ಲಿ ಕಾಯುತ್ತಿದ್ದರು.

"ಇದು ಪ್ಲಾಸ್ಟಿಕ್ಕು. ನೆಟ್ಟಗೆ ಹೋಗುತ್ತೆ, ಸ್ಪೇರಿಗೆ ಮಾತ್ರ ಸರಿ. ಇದು ನಿನ್ ಹತ್ರ ಇರೋ ಥರದ್ದೇ ಕಣಮ್ಮ, ಒಣ ಲೇನಲ್ಲಿ ಹುಚ್ಚು ಹಿಡಿದಂಗೆ ಆಡುತ್ತೆ," ಎಂದು ಕೊನೆಯದರ ಮೇಲೆ ಕೈಯಿಟ್ಟರು. "ಇದು ಯುರೆಥೇನು, ರಬ್ಬರ್ ಥರದ್ದು. ನಿನಗಿಂತ ದೊಡ್ಡದು ವಯಸ್ಸಲ್ಲಿ. ಹಳೇದಾಗ್ತಾ ಮೈ ಗಟ್ಟಿಯಾಗಿದೆ. ತಿರುಗುತ್ತೆ, ಆದ್ರೆ ನಿಧಾನಕ್ಕೆ, ದಿನಾ ಒಂದೇ ಥರ."

ಬೂದು ಬಣ್ಣದ, ಹೊಳಪೇ ಇಲ್ಲದ, ಅಲ್ಲಲ್ಲಿ ಗೀರು ಬಿದ್ದ ಚೆಂಡು. ನೋಡಿದರೆ ಗುಜರಿಯವನೂ ಎತ್ತಿಕೊಳ್ಳುವಂತಿರಲಿಲ್ಲ. ಮಗಳು ಅದನ್ನು ಎದೆಗೊತ್ತಿ ಹಿಡಿದು, ಉಗುರಿನಿಂದ ಮೈ ಒತ್ತಿ ನೋಡಿದಳು. ಮೊದಲ ಎಸೆತದಲ್ಲಿ ಬೀಳದೆ ಉಳಿದ ಪಿನ್ನುಗಳನ್ನು ಎರಡನೆಯದರಲ್ಲಿ ಬೀಳಿಸಿದರೆ ಅದೇ ಸ್ಪೇರ್. ಬಲ ಮೂಲೆಯಲ್ಲಿ ಒಂಟಿಯಾಗಿ ನಿಲ್ಲುವ ಪಿನ್ನೇ ಅವಳನ್ನು ಯಾವಾಗಲೂ ಕಾಡುತ್ತಿದ್ದದ್ದು. "ಇದ್ರಲ್ಲಿ ಮೂಲೆ ಪಿನ್ ಬೀಳುತ್ತಾ ತಾತಾ?" ಎಂದು ಕೇಳಿದಳು. ಜೋರಾಗಿ ಎಸೆದರೆ ಹೆಚ್ಚು ತಿರುಗದೆ ಹೋಗಿ ಬೀಳಿಸುತ್ತದೆ ಎಂದರು. ಮತ್ತೆ ಉಳಿದೆರಡರ ಕಡೆ ಅವಳು ನೋಡಲಿಲ್ಲ. ವಾಪಸು ಬರುವಾಗ ಮೆಟ್ರೊ ಸ್ಟೇಷನ್ನಿನ ಸೆಕ್ಯುರಿಟಿಯವನು ಚೀಲ ತೆಗೆಸಿ, "ರುಬ್ಬೋ ಗುಂಡಾ ಸಾರ್ ಇದು?" ಎಂದಾಗ ಅವಳು ನಕ್ಕಳು. ನಾನು ಅವನ ಮೇಲೂ ರೇಗಿದೆ.

ಚೆಂಡಿನಲ್ಲಿದ್ದ ತೂತುಗಳು ಹಿರಿಯರ ಬೆರಳಿನ ಅಳತೆಯವು. ಅವನ್ನು ರೆಸಿನ್ ತುಂಬಿ ಮುಚ್ಚಿ, ಮಗಳ ಬೆರಳಿಗೆ ಹೊಸದಾಗಿ ಕೊರೆಯಬೇಕಿತ್ತು. ಮಗಳಿಂದ ವಿಷಯ ತಿಳಿದ ಕೋಚ್ ಫೋನ್ ಮಾಡಿ, "ನನ್ ಹತ್ರ ಕೊಡಿ ಸಾರ್, ಇದು ಮಷೀನ್ ಪಾರ್ಟ್ ಅಲ್ಲ. ಆಡ್ತಾ ಆಡ್ತಾ ಹೆಬ್ಬೆರಳು ಊದ್ಕೊಳ್ಳುತ್ತೆ," ಎಂದ. ನಲವತ್ತು ವರ್ಷ ತೂತು ಕೊರೆದವನಿಗೆ ತೂತಿನ ಪಾಠ! ಫೋನ್ ಕುಕ್ಕಿದೆ.

ಮರುದಿನ ಬೆಳಿಗ್ಗೆ ಅವಳು ತಣ್ಣೀರಿನ ಸ್ನಾನ ಮುಗಿಸಿ ಬಂದ ಕೂಡಲೇ ವರ್ನಿಯರ್ ಹಿಡಿದು ಹೆಬ್ಬೆರಳನ್ನು ಮೂರು ಕಡೆ ಅಳೆದೆ. ಬೇರಿಂಗಿನೊಳಗೆ ಶಾಫ್ಟ್ ಕೂರಿಸುವ ಹಾಗೆ, ಕೂದಲೆಳೆಯಷ್ಟೂ ಅಲುಗಾಡದಂತೆ ಕೊರೆದೆ. ತೂತಿನ ಒಳಗೋಡೆ ಕನ್ನಡಿಯಂತೆ ನುಣ್ಣಗೆ ಬಂದಿತ್ತು. ನನಗೇ ಹೆಮ್ಮೆಯಾಯಿತು.

ಮಗಳು ಬೆರಳಿಟ್ಟು ನೋಡಿದಳು. "ಅಪ್ಪಾ, ಟೈಟ್ ಇದೆ."

"ಹಂಗೇ ಇರ್ಬೇಕು ಕಣೇ. ಲೂಸ್ ಆದ್ರೆ ಕೈಯಿಂದ ಜಾರುತ್ತೆ."

"ಸ್ವಲ್ಪ ಉಪ್ಪುಕಾಗದ ಉಜ್ಜು ಅಪ್ಪಾ."

"ಇಷ್ಟು ಫಿನಿಶಿಂಗ್ ಆಗಿರೋದಕ್ಕೆ ಕಾಗದ ಉಜ್ಜೋದಾ? ಸುಮ್ನಿರು, ನಿಂಗೇನ್ ಗೊತ್ತಾಗುತ್ತೆ," ಎಂದೆ. ಅವಳು ಚೆಂಡನ್ನು ಚೀಲಕ್ಕೆ ಹಾಕಿಕೊಂಡಳು. ಆಯ್ಕೆಗೆ ಎರಡು ದಿನ ಉಳಿದಿತ್ತು. ಎರಡೂ ದಿನ ಅವಳು ಒಂದೊಂದೇ ಆಟ ಆಡಿ ನಿಲ್ಲಿಸಿದಳು, ಪರೀಕ್ಷೆಯ ಓದು ಇತ್ತು. ಒಂದು ಆಟಕ್ಕೆ ಬೆರಳು ಊದುವುದಿಲ್ಲ.

ಆಯ್ಕೆಯ ದಿನ ಬೆಳಿಗ್ಗೆ ಆರು ಆಟ. ಮಷೀನು ಮೂಲೆಯಲ್ಲಿ ಹಾಗೇ ನಿಂತಿತ್ತು, ಲೇನುಗಳು ಬಿಸಿಲಿಗಿಟ್ಟ ಹಪ್ಪಳದಷ್ಟು ಒಣಗಿದ್ದವು. ಉಳಿದವರ ಹೊಳೆಯುವ ಚೆಂಡುಗಳು ಎಡಕ್ಕೆ ಹಾರಿ ಹಾರಿ ಬೀಳುತ್ತಿದ್ದಾಗ ನಮ್ಮ ಬೂದು ಚೆಂಡು ಶಾಂತವಾಗಿ ಹೋಗಿ, ಕೊನೆಯಲ್ಲಿ ಇಷ್ಟೇ ಇಷ್ಟು ಬಾಗಿ ಪಿನ್ನುಗಳ ನಡುವೆ ನುಗ್ಗುತ್ತಿತ್ತು. ಬಲ ಮೂಲೆಯ ಪಿನ್ ನಿಂತಾಗಲೆಲ್ಲ ಅವಳು ಅದನ್ನು ತಪ್ಪದೆ ಬೀಳಿಸಿದಳು. ಮೂರು ಆಟ ಮುಗಿದಾಗ ಎರಡನೇ ಸ್ಥಾನದಲ್ಲಿದ್ದಳು. ತಂಡಕ್ಕೆ ಬೇಕಿದ್ದದ್ದು ಮೊದಲ ನಾಲ್ವರು. ನಾನು ಕೋಚ್‌ನ ಕಿವಿಯ ಹತ್ತಿರ ಹೋಗಿ, "ಏನಪ್ಪಾ, ಹೊಸ ಬಾಲ್ ಬೇಕಾ?" ಎಂದು ಕೇಳಿಯೂಬಿಟ್ಟೆ.

ನಾಲ್ಕನೇ ಆಟದಲ್ಲಿ ಚೆಂಡು ಅವಳ ಕೈ ಬಿಡಲಿಲ್ಲ. ಹೆಬ್ಬೆರಳಿಗೆ ಕಚ್ಚಿಕೊಂಡು ಒಂದು ಕ್ಷಣ ತಡವಾಗಿ ಕಳಚಿ, ಮೇಲಿಂದ ದಢಾರನೆ ಲೇನಿನ ಮೇಲೆ ಬಿತ್ತು. ಮತ್ತೊಮ್ಮೆ ಹಾಗೇ ಆಯಿತು. "ಕೈ ಸಡಿಲ ಬಿಡೇ!" ಎಂದು ನಾನು ಹಿಂದಿನಿಂದ ಕೂಗಿದೆ. ಲೇನಿಗೆ ಬೈದೆ, ಮ್ಯಾನೇಜರಿಗೆ ಬೈದೆ. ಅವಳು ತಿರುಗಿ ನೋಡಲಿಲ್ಲ. ಐದನೇ ಆಟದ ನಡುವೆ ಚೆಂಡನ್ನು ಎತ್ತಿಕೊಂಡು ನನ್ನ ಮುಂದೆಯೇ ಹಾದು ಕೋಚ್‌ನ ಹತ್ತಿರ ಹೋದಳು. ಅವಳ ಹೆಬ್ಬೆರಳು ಕೆಂಪಗೆ ಊದಿ, ಗೆಣ್ಣಿನ ಹತ್ತಿರ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ಕೋಚ್ ಚೀಲದಿಂದ ಉಜ್ಜುವ ಕಾಗದ ತೆಗೆದ.

"ನಾನ್ ಮಾಡಿದ್ ಕೆಲಸಕ್ಕೆ ಕೈ ಹಾಕ್ಬೇಡ," ಎಂದು ಅಷ್ಟು ಜನರೆದುರು ಕಿರುಚಿದೆ.

ಮಗಳು ನನ್ನ ಕಡೆ ತಿರುಗಿದಳು. ಅವಳಿಗೂ ನನ್ನದೇ ಸಿಟ್ಟು ಬಂದಿದೆ ಎಂದು ನನಗೆ ಅವತ್ತು ಗೊತ್ತಾಯಿತು. "ಟೈಟ್ ಇದೆ ಅಂತ ಹೇಳಿದ್ನಲ್ಲ ಅಪ್ಪಾ. ಬೆರಳು ನಂದು. ನಂಗೆ ಗೊತ್ತಾಗಲ್ವಾ?"

ಕಾಗದ ಉಜ್ಜಿ ಮುಗಿಯುವಷ್ಟರಲ್ಲಿ ಬೆರಳು ಹಾಳಾಗಿತ್ತು. ಆರನೇ ಆಟವನ್ನು ಅವಳು ಹಲ್ಲು ಕಚ್ಚಿ ಮುಗಿಸಿದಳು. ಹೆಸರು ಓದಿದಾಗ ಅವಳದು ಐದನೆಯದು. ಆಟೋದಲ್ಲಿ ಕೂತು ಬರುವಾಗ ಮಾರೇನಹಳ್ಳಿಯ ಸಿಗ್ನಲ್ಲಿನ ತನಕ ನಾನು ಎಣ್ಣೆ ಹಾಕದ ಮ್ಯಾನೇಜರನ್ನು ಬೈಯುತ್ತಲೇ ಇದ್ದೆ. ಒಣ ಲೇನು ಎಲ್ಲರಿಗೂ ಒಣ ಲೇನೇ ಆಗಿತ್ತು, ಅದರಲ್ಲಿ ಗೆಲ್ಲುವ ಚೆಂಡನ್ನು ಅವಳು ಆರಿಸಿಕೊಂಡೂ ಇದ್ದಳು. ಇದು ಹೊಳೆದದ್ದು ಆ ಸಿಗ್ನಲ್ಲಿನಲ್ಲಿ. ಬೈಯಬೇಕಾದವನು ಯಾರು ಎಂದು ಗೊತ್ತಾದಾಗ ಬೈಗುಳ ಹೊರಡಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಬೆರಳು ವಾಸಿಯಾದ ಮೇಲೆ ಒಂದು ದಿನ ಅವಳು ಚೆಂಡನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ವರ್ಕ್‌ಶಾಪಿಗಾ ಎಂದು ಕೇಳಿದೆ. "ಇಲ್ಲಪ್ಪ, ಕೋಚ್ ಹತ್ರ. ಆ ತೂತು ಮುಚ್ಚಿಸಿ ಬೇರೆ ಕೊರೆಸ್ತೀನಿ," ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಅದನ್ನೇ ನನಗೆ ತಡೆಯಲಾಗಲಿಲ್ಲ. ನಾನೂ ಬರ್ತೀನಿ ಎಂದೆ. ಬೇಡ ಅನ್ನಲಿಲ್ಲ.

ಕೋಚ್‌ನದು ಒಂದು ಪುಟ್ಟ ರೂಮು, ಅದರಲ್ಲಿ ಡ್ರಿಲ್ಲು. ನಾನು ಬಾಗಿಲಿಗೆ ಒರಗಿ ನಿಂತೆ. ಅವನ ಮಷೀನು ನನ್ನದರ ಕಾಲು ಭಾಗಕ್ಕೂ ಸಮವಲ್ಲ, ಕೈಯಲ್ಲಿ ಅಂಥ ಹದವೂ ಇರಲಿಲ್ಲ. ಮೊದಲು ಅವಳನ್ನು ಅರ್ಧ ಗಂಟೆ ಬೇರೆ ಚೆಂಡಿನಲ್ಲಿ ಆಡಿಸಿ ಬೆರಳು ಊದಿಸಿದ. ಆಮೇಲೆ ಚೂರು ಕೊರೆದು ನಿಲ್ಲಿಸಿ, "ಹೇಗಿದೆ?" ಎಂದ. ಅವಳು ಬೆರಳಿಟ್ಟು ನೋಡಿ, ಇನ್ನೂ ಸ್ವಲ್ಪ ಎಂದಳು. ಮತ್ತೆ ಉಜ್ಜಿದ. "ಈಗ ಹೇಗಿದೆ?" ಹೀಗೆ ಒಂದು ಗಂಟೆ ನಡೆಯಿತು. ಅವಳು ಸಾಕು ಎಂದಾಗ ಅವನು ಮರುಮಾತಿಲ್ಲದೆ ಮಷೀನು ಆಫ್ ಮಾಡಿದ. ಹುಟ್ಟಿದಾಗಿನಿಂದ ನಾನು ಅವಳನ್ನು ಎಷ್ಟು ಸಲ ಹಾಗೆ ಕೇಳಿದ್ದೇನೆ ಎಂದು ಅಲ್ಲಿ ನಿಂತು ನೆನಪು ಮಾಡಿಕೊಂಡೆ. ಒಂದೂ ಸಿಗಲಿಲ್ಲ.