ಕೆನ್ನೆಯೊಳಗಿನ ಬಾದಾಮಿ

ಓಡೆನ್ಸೆ ಊರಿನ ಡೋರ್ಟೆ ಆಸ್ಪತ್ರೆಯ ಬಟ್ಟೆ ಒಗೆಯುವವಳು. ಅವಳ ಗಂಡ ಪ್ರೆಬೆನ್ ಅಕ್ಟೋಬರಿನಲ್ಲಿ ಊಟಕ್ಕೆ ಕೂತಲ್ಲೇ ಮಾತು ನಿಂತು ಸತ್ತಿದ್ದ. ಕ್ರಿಸ್‌ಮಸ್ ಸಂಜೆ ಅದೇ ಮೇಜಿಗೆ ಮೂವರು ಕೂತರು: ಅವಳು, ಅತ್ತೆ ಬೋದಿಲ್, ನಾಲ್ಕು ವರ್ಷದ ಮಗ ವಿಲಾಡ್ಸ್.

ಬಾತುಕೋಳಿಯ ಊಟವಾದ ಮೇಲೆ ತಣ್ಣನೆಯ ಅಕ್ಕಿ ಪಾಯಸ ಬಂತು. ಅದರಲ್ಲಿ ಒಂದೇ ಒಂದು ಇಡೀ ಬಾದಾಮಿ. ಅದು ಸಿಕ್ಕವರಿಗೆ ಬಹುಮಾನ.

"ಏನೋ ಹೊಟ್ಟೆಬಾಕ, ಬಟ್ಟಲನ್ನೂ ತಿಂತೀಯಾ?" ಗಬಗಬ ತಿನ್ನುತ್ತಿದ್ದ ಮೊಮ್ಮಗನನ್ನು ಅಜ್ಜಿ ರೇಗಿಸಿದಳು.

ಹುಡುಗ ಮಾತಾಡಲಿಲ್ಲ. ಮುಖ ಕೆಂಪಾಗಿತ್ತು, ತುಟಿ ಬಿಗಿದಿತ್ತು. ಚಮಚ ಕೈಯಲ್ಲೇ ನಿಂತಿತ್ತು. ಪ್ರೆಬೆನ್‌ನ ಚಮಚವೂ ಹೀಗೇ ನಿಂತಿತ್ತು.

"ಬಾಯಿ ತೆಗಿ ಮಗಾ!" ಡೋರ್ಟೆ ಕೂಗಿದಳು. ಅವನು ತಲೆ ಅಲ್ಲಾಡಿಸಿದ.

"ಅತ್ತೇ, ಗಂಟಲಿಗೆ ಸಿಕ್ಕಿದೆ!"

ಕುರ್ಚಿ ಉರುಳಿತು. ಅವನನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿಗೆ ಬಡಿದಳು. ಮತ್ತೆ ಬಡಿದಳು. ಬಾದಾಮಿ ನೆಲಕ್ಕೆ ಬಿತ್ತು.

ಹುಡುಗ ಗೋಳೋ ಎಂದು ಅತ್ತ. "ಸಿಕ್ಕಿರ್ಲಿಲ್ಲ! ಕೆನ್ನೇಲಿ ಬಚ್ಚಿಟ್ಟಿದ್ದೆ! ಎಲ್ಲಾರೂ ತಿಂದು ಮುಗಿಸೋ ತನಕ ತೋರಿಸ್ಬಾರ್ದು ಅಂತ ಅಪ್ಪ ಹೇಳಿದ್ರು. ನೀನೇ ಆಟ ಕೆಡಿಸ್ದೆ!"

ಹುಡುಗ ಉಸಿರಾಡುತ್ತಿದ್ದ, ಬೈಯುತ್ತಿದ್ದ. ಡೋರ್ಟೆಗೆ ಅಷ್ಟೇ ಸಾಕಿತ್ತು.

"ನಾನಂತೂ ಏನೂ ನೋಡ್ಲಿಲ್ಲಪ್ಪ," ಎಂದಳು ಬೋದಿಲ್. "ನಂದಿನ್ನೂ ಮುಗಿದಿಲ್ಲ."

ಡೋರ್ಟೆ ಬಾದಾಮಿಯನ್ನು ಒರೆಸಿ ಅವನ ಕೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು. ಕುರ್ಚಿ ಎತ್ತಿ ಕೂತು, ಪಾಯಸ ಬಾಯಿಗಿಟ್ಟಳು.

"ಯಾರ ಹತ್ರ ಇದ್ಯೋ ಏನೋ ಆ ಬಾದಾಮಿ?" ಎಂದಳು ಡೋರ್ಟೆ.

"ನಂಗೊತ್ತಿಲ್ಲ," ಎಂದ ಹುಡುಗ, ಬಿಕ್ಕುತ್ತಲೇ.