ಯಾವಾಗ ಹೊರಡ್ತೀಯ ನರ್ಸಮ್ಮ?

ಬೆಳಕು ಈಗಷ್ಟೇ ಹರಿಯುತ್ತಿದೆ. ಹೆಬ್ಬೆರಳಿಗೆ ಗಾಳ ಚುಚ್ಚಿಸಿಕೊಂಡ ಮೀನುಗಾರನೊಬ್ಬ ಜಮೈಕಾದ ಸ್ಟೋನಿ ಬೇ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹಲ್ಲು ಕಚ್ಚಿ ಕೂತಿದ್ದಾನೆ. ಎದುರಿನ ಸ್ಟೂಲಿನ ಮೇಲೆ ನರ್ಸ್ ಒರೇತಾ ಟಲಕ್. ಬೆರಳ ಬುಡಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅದು ಹಿಡಿಯುವ ತನಕ ಕಾದು, ಗಾಳವನ್ನು ಹಿಂದಕ್ಕೆ ಎಳೆಯದೆ ಮುಂದಕ್ಕೇ ತಳ್ಳುತ್ತಾರೆ. ಮುಳ್ಳು ಚರ್ಮದಾಚೆ ಇಣುಕಿದ ಕೂಡಲೇ ಅದನ್ನು ಕತ್ತರಿಸಿ ಹಾಕಿ, ಉಳಿದ ತಂತಿಯನ್ನು ಬಂದ ದಾರಿಯಲ್ಲೇ ಹೊರಗೆ ತೆಗೆಯುತ್ತಾರೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಡಾಕ್ಟರ್ ಲೊವೆಲ್ ತಲೆಯಾಡಿಸಿ ಒಳಗೆ ಹೋಗುತ್ತಾರೆ.

"ಗೊತ್ತೇ ಆಗ್ಲಿಲ್ಲ ನೋಡು," ಎಂದು ಆತ ಬೆರಳು ತಿರುಗಿಸಿ ನೋಡಿಕೊಳ್ಳುತ್ತಾನೆ. "ಅಂದ ಹಾಗೆ, ಯಾವಾಗ ಹೊರಡ್ತೀಯ ನರ್ಸಮ್ಮ?"

"ಎಲ್ಲಿಗೆ?"

"ಎಲ್ಲಿಗೆ ಅಂತೆ! ಇಂಗ್ಲೆಂಡಿಗೋ ಅಮೆರಿಕಕ್ಕೋ. ಇಲ್ಲದಿದ್ರೆ ಈ ವಯಸ್ಸಲ್ಲಿ ಇಷ್ಟೊಂದು ಓದೋದು ಯಾತಕ್ಕೆ?"

ಒರೇತಾ ಪಟ್ಟಿ ಸುತ್ತುತ್ತಾರೆ. ದಿನಕ್ಕೆ ಹತ್ತು ಜನ ಕೇಳುವ ಪ್ರಶ್ನೆಗೆ ಎಷ್ಟು ಸಲ ಅಂತ ಉತ್ತರ ಕೊಡುವುದು?

ಅವರಿಗೀಗ ನಲವತ್ತಾರು. ನರ್ಸ್ ಆಗಿ ಇಪ್ಪತ್ತು ವರ್ಷ ದಾಟಿದೆ, ಎಲ್ಲವೂ ಇದೇ ಆಸ್ಪತ್ರೆಯಲ್ಲಿ. ಈಗ ತುರ್ತು ಚಿಕಿತ್ಸೆಯ ನರ್ಸ್ ಪ್ರ್ಯಾಕ್ಟಿಷನರ್ ಆಗಲು ತರಬೇತಿ ಪಡೆಯುತ್ತಿದ್ದಾರೆ. ಇದು ಮುಗಿದರೆ ರೋಗಿಯನ್ನು ತಾವೇ ಪರೀಕ್ಷಿಸಿ, ಕಾಯಿಲೆ ಏನೆಂದು ತಾವೇ ಹೇಳಿ, ಚಿಕಿತ್ಸೆ ತಾವೇ ಶುರುಮಾಡಬಹುದು. ಸದ್ಯಕ್ಕೆ ಎಲ್ಲವೂ ಡಾಕ್ಟರ ಒಪ್ಪಿಗೆಯ ಮೇಲೆ. ವಾರಕ್ಕೆರಡು ದಿನ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ಪಾಠ, ಉಳಿದ ದಿನ ಇಲ್ಲಿ ಕೆಲಸವೇ ಪಾಠ. ಸೋಮವಾರ ಬಂತೆಂದರೆ ಬೆಂಚುಗಳಲ್ಲಿ ಎಂಬತ್ತು ಜನ ಇರುತ್ತಾರೆ. ಡಾಕ್ಟರು ಮಾತ್ರ ಒಬ್ಬರೇ, ಅವರೂ ಅರ್ಧ ದಿನ ಆಪರೇಷನ್ ಕೋಣೆಯಲ್ಲಿ.

ತರಬೇತಿಗೆ ಸೇರಿದ ದಿನ ನರ್ಸಿನ ಬಿಳಿ ಉಡುಪು, ಟೋಪಿ, ಬೆಳ್ಳಿ ಬಕಲ್ಲಿನ ಬೆಲ್ಟು ಕಳಚಿಟ್ಟು ಡಾಕ್ಟರುಗಳು ಹಾಕುವಂಥ ಗಿಡ್ಡ ಕೋಟು ಹಾಕಿಕೊಂಡರು. ಅಂದಿನಿಂದ ಅವರು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ನರ್ಸ್‌ಗಳ ಕೋಣೆಗೆ ಚಹಾ ಕುಡಿಯಲು ಹೋದರೆ "ಡಾಕ್ಟರಮ್ಮ ಬಂದ್ರು, ಎದ್ದು ನಿಲ್ರೇ" ಎಂಬ ಕುಚೋದ್ಯ. ಡಾಕ್ಟರ ಕೋಣೆಗೆ ಹೋದರೆ "ಏನು ಬೇಕಿತ್ತು ನರ್ಸ್?" ಹಾಗಾಗಿ ಅವರ ಚಹಾ ಆಸ್ಪತ್ರೆಯ ಗೇಟಿನ ಬಳಿ, ಬಾದಾಮಿ ಮರದ ಕೆಳಗಿನ ಮಿಸ್ ಡಾರ್ಕಸ್ ಅಂಗಡಿಯಲ್ಲಿ. ಡಂಪ್ಲಿಂಗ್ ಎಂಬ ಕರಿದ ಮೈದಾ ಉಂಡೆ, ಮೆಕ್ಕೆಜೋಳದ ಗಂಜಿ, ಪುದೀನ ಚಹಾ. ಇವತ್ತೂ ಅಲ್ಲಿಗೇ ಹೋಗುತ್ತಾರೆ. ಮಿಸ್ ಡಾರ್ಕಸ್ ಲೋಟ ತುಂಬಿಸಿ ಹಲಗೆಯ ಮೇಲಿಡುತ್ತಾರೆ, ಕೈಗೆ ಕೊಡುವುದಿಲ್ಲ. ಇಬ್ಬರ ನಡುವೆ ಒಂದು ಮಾತೂ ಇಲ್ಲ. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ.

ಮೊದಲು ನಮ್ಮೂರಿನ ಬುದ್ಧಿಯ ಬಗ್ಗೆ ಹೇಳಬೇಕು. ಜಮೈಕಾದಲ್ಲಿ ನರ್ಸ್ ಕಲಿತವಳು ಹೊರಡುತ್ತಾಳೆ. ಹೆಚ್ಚು ಕಲಿತವಳು ಬೇಗ ಹೊರಡುತ್ತಾಳೆ. ಹೋದವಳು ಡಿಸೆಂಬರಿನಲ್ಲಿ ಪೀಪಾಯಿ ತುಂಬ ಅಕ್ಕಿ, ಸೋಪು, ಶೂ ಕಳಿಸುತ್ತಾಳೆ. ಅವಳ ಹೆಸರು ಚರ್ಚಿನಲ್ಲಿ ಓದುತ್ತಾರೆ. ಊರಲ್ಲೇ ಉಳಿದವಳ ಹೆಸರು ಯಾರೂ ಓದುವುದಿಲ್ಲ. ಅವಳನ್ನು ಹೊರದೇಶದವರು ಬೇಡವೆಂದಿರಬೇಕು, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿರಬೇಕು, ಏನೋ ಐಬು ಇರಬೇಕು. ನಮ್ಮ ಅಳತೆಗೋಲು ಅದು.

ಒರೇತಾಗೆ ತರಬೇತಿಯಲ್ಲಿ ಸೀಟು ಸಿಕ್ಕಿತೆಂಬ ಸುದ್ದಿ ಬಂದ ವಾರವೇ ಚರ್ಚಿನ ಹೆಂಗಸರು ಚಂದಾ ಎತ್ತಿ ಒಂದು ಸೂಟ್‌ಕೇಸ್ ತಂದುಕೊಟ್ಟರು. ನೀಲಿ ಬಣ್ಣದ್ದು, ಗಾಲಿ ಇರುವಂಥದ್ದು. ಮುಂದೆ ನಿಂತು ಚಂದಾ ಎತ್ತಿದವರು ಇದೇ ಮಿಸ್ ಡಾರ್ಕಸ್. ಪಾದ್ರಿಗಳು ಪ್ರಯಾಣ ಸುಖವಾಗಲೆಂದು ಪ್ರಾರ್ಥಿಸಿದರು. "ನೀನು ಹೋಗ್ತೀಯಾ?" ಎಂದು ಒಬ್ಬರಾದರೂ ಕೇಳಲಿಲ್ಲ. ಪಕ್ಕದ ಮನೆಯವರಂತೂ ಫ್ರಿಜ್ಜನ್ನು ಯಾರಿಗೆ ಕೊಟ್ಟು ಹೋಗುತ್ತಾರೆಂದು ವಿಚಾರಿಸಿದರು.

"ನನ್ನಮ್ಮ ಹೋದಾಗ ನನಗೆ ಆರು ವರ್ಷ," ಎನ್ನುತ್ತಾರೆ ಒರೇತಾ. "ಅಜ್ಜಿ ಸಾಕಿದ್ದು. ಲಂಡನ್ನಿಂದ ಪೀಪಾಯಿ ಬರ್ತಿತ್ತು. ಅದರಲ್ಲಿ ಬಂದ ಶೂ ಯಾವತ್ತೂ ನನಗೆ ಬಿಗಿ. ಅಮ್ಮನ ಲೆಕ್ಕದಲ್ಲಿ ನಾನು ಬೆಳೀತಾನೇ ಇರ್ಲಿಲ್ಲ, ಬಿಟ್ಟು ಹೋದಾಗ ಎಷ್ಟಿದ್ನೋ ಅಷ್ಟೇ. ಆ ಶೂಗಳನ್ನ ಊರಿನ ಚಿಕ್ಕ ಮಕ್ಕಳು ಹಾಕ್ಕೊಂಡು ಓಡಾಡೋರು. ನಾನು ಎಲ್ಲಿಗೂ ಹೋಗಲ್ಲ ಅಂತ ಆವಾಗ್ಲೇ ತೀರ್ಮಾನ ಮಾಡಿದ್ದೆ. ಹೇಳಿದ್ರೆ ಯಾರು ನಂಬ್ತಾರೆ? 'ವೀಸಾ ಸಿಗ್ಲಿಲ್ವಾ ಪಾಪ' ಅಂತಾರೆ."

ಈ ನಂಬಿಕೆ ಬರೀ ಹರಟೆಯಾಗಿ ಉಳಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಅದು ಒಂದು ಜೀವ ತೆಗೆದಿದೆ.

ಹೋದ ಆಗಸ್ಟ್‌ನ ಒಂದು ಬೆಳಗ್ಗೆ ಮಾಸ್ ಎಗ್ಬರ್ಟ್ ನಡೆದುಕೊಂಡೇ ಆಸ್ಪತ್ರೆಗೆ ಬಂದರು. ಮಿಸ್ ಡಾರ್ಕಸ್ ಅವರ ಗಂಡ, ದೋಣಿ ಕಟ್ಟುವವರು, ಯಾರಿಗೂ ತಲೆಬಾಗದ ಆಸಾಮಿ. ನಮ್ಮಲ್ಲಿ ಗೌರವಕ್ಕೆ ಹಿರಿಯ ಗಂಡಸು 'ಮಾಸ್', ಹೆಂಗಸು ಮದುವೆಯಾಗಿದ್ದರೂ 'ಮಿಸ್'. ಎದೆ ಬಿಗಿದಿತ್ತು, ಎಡಗೈ ಜೋಮು ಹಿಡಿದಿತ್ತು. "ಗ್ಯಾಸು," ಎಂದರು. ನಮ್ಮಲ್ಲಿ ಎದೆ ಹಿಡಿದರೂ ಗ್ಯಾಸು, ಬೆನ್ನು ಹಿಡಿದರೂ ಗ್ಯಾಸು. ಗೇಟಿನ ಬಳಿ ಹೆಂಡತಿ ಕೊಟ್ಟ ಪುದೀನ ಚಹಾ ಕುಡಿದೇ ಒಳಗೆ ಬಂದಿದ್ದರು. ಒರೇತಾ ಇಸಿಜಿ ತೆಗೆದರು. ಹೃದಯಾಘಾತ, ಅನುಮಾನವೇ ಇರಲಿಲ್ಲ. ಆಪರೇಷನ್ ಕೋಣೆಗೆ ಫೋನ್ ಮಾಡಿದರು. ಒಳಗೆ ಹೆರಿಗೆಯ ಆಪರೇಷನ್ ನಡುಮಧ್ಯದಲ್ಲಿತ್ತು. "ಆಸ್ಪಿರಿನ್ ಅಗಿಸಿ, ಮಲಗಿಸಿ, ಡ್ರಿಪ್ ಸೂಜಿ ಹಾಕಿ. ನಾನು ಈಗ ಕೈ ಬಿಡೋ ಹಾಗಿಲ್ಲ," ಎಂದರು ಡಾಕ್ಟರ್ ಲೊವೆಲ್.

ಮಾಸ್ ಎಗ್ಬರ್ಟ್ ಮಲಗಲಿಲ್ಲ. ಬೆಂಚಿನ ಮೇಲೆ ಕೂತ ಅವರ ಮಾತನ್ನು ಅಂದು ಅಲ್ಲಿದ್ದ ಎಲ್ಲರೂ ಕೇಳಿದ್ದಾರೆ.

"ನೋಡು ಮಗಳೇ, ತಪ್ಪು ತಿಳೀಬೇಡ. ಒಳ್ಳೇ ನರ್ಸ್‌ಗಳೆಲ್ಲ ಯಾವತ್ತೋ ಹೋದ್ರು. ನೀನು ಅಷ್ಟು ಹುಷಾರಿದ್ದಿದ್ರೆ ಇಷ್ಟೊತ್ತಿಗೆ ಇಲ್ಲಿ ಇರ್ತಿದ್ಯಾ? ನಾನು ಡಾಕ್ಟರಿಗೆ ಕಾಯ್ತೀನಿ."

"ಕಾಯೋ ಹೊತ್ತಲ್ಲ ಮಾಸ್ ಎಗ್ಬರ್ಟ್. ದಯವಿಟ್ಟು ಇದನ್ನ ಅಗೀರಿ," ಎಂದು ಒರೇತಾ ಮಾತ್ರೆಯನ್ನು ಅವರ ಅಂಗೈಯಲ್ಲಿಟ್ಟರು.

"ಡಾಕ್ಟ್ರು ನೋಡ್ಲಿ, ಆಮೇಲೆ," ಎಂದು ಅವರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಒರೇತಾ ಮತ್ತೆ ಬೇಡಿಕೊಂಡರು. ಅವರು ಮುಖ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಬೆಂಚಿನಿಂದ ಪಕ್ಕಕ್ಕೆ ವಾಲಿದರು. ಒರೇತಾ ನೆಲದ ಮೇಲೇ ಅವರ ಎದೆ ಒತ್ತಿದರು, ವಿದ್ಯುತ್ ಆಘಾತ ಕೊಟ್ಟರು, ಡಾಕ್ಟರು ಓಡಿಬಂದು ಸಾಕು ಎನ್ನುವ ತನಕ ಬಿಡಲಿಲ್ಲ. ಅಂಗಿ ಕತ್ತರಿಸುವಾಗ ಜೇಬಿನಿಂದ ಮಾತ್ರೆ ಉರುಳಿತು. ಮಾಸ್ ಎಗ್ಬರ್ಟ್ ಉಳಿಯಲಿಲ್ಲ.

ಮಾತ್ರೆ ಅಗಿದಿದ್ದರೆ ಬದುಕುತ್ತಿದ್ದರೇನು? ಯಾರೂ ಖಚಿತವಾಗಿ ಹೇಳಲಾರರು. ಊರು ಮಾತ್ರ ಖಚಿತವಾಗಿ ಹೇಳಿತು: ಆಸ್ಪತ್ರೆಯಲ್ಲಿ ಒಳ್ಳೆಯ ನರ್ಸ್ ಇಲ್ಲ, ಅದಕ್ಕೇ ಸತ್ತ. ಅಂದಿನಿಂದ ಮಿಸ್ ಡಾರ್ಕಸ್ ಬಾಯಿಗೆ ಬೀಗ. ಒರೇತಾ ಆದರೂ ಬೇರೆ ಕಡೆ ಚಹಾ ಕುಡಿಯಬಹುದಿತ್ತು. "ಬೇರೆ ಕಡೆ ಹೋದ್ರೆ ತಪ್ಪು ಮಾಡಿದವಳ ಹಾಗಾಗುತ್ತೆ," ಎನ್ನುತ್ತಾರೆ. ಆಮೇಲೆ ತಾವಾಗಿಯೇ ಇನ್ನೊಂದು ಮಾತು ಸೇರಿಸುತ್ತಾರೆ. "ಮಾಡಿಲ್ಲ ಅಂತಾನೂ ಅಲ್ಲ. ನಾನು ಅವರನ್ನ ಕೇಳ್ಕೊಂಡೆ. ದಯವಿಟ್ಟು ಅಂದೆ. ನರ್ಸ್ ಕೆಲಸದಲ್ಲಿ ಕಲಿಸಿದ್ದೇ ಅದು, ಮೆತ್ತಗೆ ಕೇಳ್ಕೋ, ಎದುರಾಡ್ಬೇಡ. ಈಗ ಕ್ಲಾಸಲ್ಲಿ ಹೃದಯ ಕಲಿಸ್ತಾರೆ, ಶ್ವಾಸಕೋಶ ಕಲಿಸ್ತಾರೆ. ದನಿ ಎತ್ತೋದನ್ನ ಯಾರು ಕಲಿಸ್ತಾರೆ ಹೇಳಿ?"

ಈಸ್ಟರ್ ಹೊತ್ತಿಗೆ ತರಬೇತಿ ಮುಗಿಯುತ್ತದೆ. ಆಮೇಲೇನು ಎಂದು ಆಡಳಿತ ಕಚೇರಿಯಲ್ಲಿ ಕೇಳಿದೆ. ಇಲ್ಲಿ ಅಂಥ ಹುದ್ದೆಯೇ ಇಲ್ಲವಂತೆ. ಮತ್ತೆ ವಾರ್ಡಿನ ನರ್ಸ್ ಆಗಿ ಮುಂದುವರಿಯಬಹುದಂತೆ. "ಹೇಗೂ ಅವರು ಹೊರಡ್ತಾರಲ್ಲ," ಎಂದರು ಅಲ್ಲಿನವರು, ನಗುನಗುತ್ತಾ. ಕಲಿತವರನ್ನು ಇಟ್ಟುಕೊಳ್ಳಲು ಒಂದು ಕುರ್ಚಿಯನ್ನೂ ಹಾಕದೆ, ಅವರು ಹೋಗಿಬಿಡುತ್ತಾರೆಂದು ದೂರುವುದು ನಮಗೆ ಕರಗತ.

ಈ ಲೇಖನಕ್ಕಾಗಿ ನಾನು ಆಸ್ಪತ್ರೆಗೆ ಹೋಗಿದ್ದ ಮೂರನೆಯ ಬೆಳಗ್ಗೆ ಗೇಟಿನ ಕಡೆಯಿಂದ ಕಿರುಚಾಟ ಕೇಳಿತು. ಡಂಪ್ಲಿಂಗ್ ಕರಿಯುವ ಬಾಣಲೆ ಮಗುಚಿ ಮಿಸ್ ಡಾರ್ಕಸ್ ಎಡಗೈ ಮೇಲೆ ಕುದಿಯುವ ಎಣ್ಣೆ ಬಿದ್ದಿತ್ತು. ಯಾರೋ ಒಳಗೆ ಕರೆತಂದರು. ಅವರು ನೇರವಾಗಿ ಹೋಗಿ ಕೂತದ್ದು ಗಂಡ ಕೂತಿದ್ದ ಅದೇ ಬೆಂಚಿನ ಮೇಲೆ.

"ಕೈ ನೀರಿನ ಕೆಳಗೆ ಹಿಡೀಬೇಕು, ಬನ್ನಿ. ಉಂಗುರ ತೆಗೀಬೇಕು," ಎಂದರು ಒರೇತಾ.

"ಡಾಕ್ಟ್ರು ಬರ್ಲಿ."

"ಮಿಸ್ ಡಾರ್ಕಸ್, ಬೆರಳು ಊದ್ತಿದೆ. ಆಮೇಲೆ ಉಂಗುರ ಬೆರಳನ್ನೇ ತಿಂದುಬಿಡುತ್ತೆ."

"ನನ್ನ ಗಂಡನ ಉಂಗುರ ಅದು. ನೀನು ಮುಟ್ಬೇಡ."

ಒರೇತಾ ನೇರ ಅವರ ಮುಂದೆ ಬಂದು ನಿಂತರು. ಮತ್ತೆ "ದಯವಿಟ್ಟು" ಅನ್ನುತ್ತಾರೆಂದು ನಾನು ಕಾದೆ.

"ಕೈ ಕೊಡು!"

ಇಡೀ ವಿಭಾಗ ತಿರುಗಿ ನೋಡಿತು. ಅಳುತ್ತಿದ್ದ ಮಗುವೂ ಬಾಯಿ ಮುಚ್ಚಿತು. ಮಿಸ್ ಡಾರ್ಕಸ್ ಕೈ ಕೊಟ್ಟರು. ನಲ್ಲಿಯ ಕೆಳಗೆ, ಸೋಪಿನ ನೀರಿನಲ್ಲಿ, ಒರೇತಾ ಆ ಉಂಗುರವನ್ನು ಒಂದಿಷ್ಟೇ ತಿರುಗಿಸುತ್ತಾ ಗೆಣ್ಣು ದಾಟಿಸಿದರು. ಮಿಸ್ ಡಾರ್ಕಸ್ ನೋವಿಗೆ ಬೈದ ಬೈಗುಳ ಇಲ್ಲಿ ಅಚ್ಚು ಹಾಕುವಂಥದ್ದಲ್ಲ. ಉಂಗುರ ಕಳಚಿದ ಮೇಲೂ ಕೈ ಬಹಳ ಹೊತ್ತು ನೀರಿನಲ್ಲೇ ಇತ್ತು.

"ಅವತ್ತು ಅವರಿಗೂ ಹೀಗೇ ಕೂಗ್ಬೇಕಿತ್ತು ನೀನು," ಎಂದರು ಮಿಸ್ ಡಾರ್ಕಸ್, ನೀರನ್ನೇ ನೋಡುತ್ತಾ.

"ಹೌದು," ಎಂದರು ಒರೇತಾ.

"ಕೂಗಿದ್ರೆ ಕೇಳೋರು. ಮನೇಲಿ ನಾನು ಕೂಗಿದಾಗ ಮಾತ್ರ ಕೇಳೋರು."

ಒರೇತಾ ತಲೆ ತಗ್ಗಿಸಿ ಪಟ್ಟಿ ಸುತ್ತಿದರು. ಅವರ ಕಣ್ಣು ತುಂಬಿತ್ತು. ಮಿಸ್ ಡಾರ್ಕಸ್ ಉಂಗುರವನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಎದ್ದರು. ಬಾಗಿಲ ತನಕ ಹೋದವರು ತಿರುಗಿದರು.

"ಪಟ್ಟಿ ಬದಲಾಯಿಸೋಕೆ ನಾಳೆ ಯಾರಿರ್ತಾರೆ?"

"ನಾನೇ."

"ಮುಂದಿನ ವಾರ?"

"ನಾನೇ ಇರ್ತೀನಿ ಮಿಸ್ ಡಾರ್ಕಸ್. ನಾನು ಎಲ್ಲಿಗೂ ಹೋಗ್ತಿಲ್ಲ."

ಮಿಸ್ ಡಾರ್ಕಸ್ ಅವರನ್ನು ಮೇಲಿಂದ ಕೆಳಗೆ ನೋಡಿದರು. ಗಿಡ್ಡ ಕೋಟು, ಒದ್ದೆ ತೋಳು, ಸವೆದ ಚಪ್ಪಲಿ.

"ಹೋಗದಿದ್ರೆ ಆ ಸೂಟ್‌ಕೇಸ್ ವಾಪಸ್ ಕೊಡು ಮತ್ತೆ. ಅಂಗಡೀಲಿ ಹಿಟ್ಟಿಗೆಲ್ಲ ಇಲಿ ಬೀಳ್ತಾ ಇದೆ."

ಇದು ಅಚ್ಚಿಗೆ ಹೋಗುವ ಹೊತ್ತಿಗೆ ನೀಲಿ ಸೂಟ್‌ಕೇಸ್ ಬಾದಾಮಿ ಮರದ ಕೆಳಗಿದೆ, ಒಳಗೆ ಮೈದಾ ಹಿಟ್ಟಿನ ಚೀಲಗಳು. ಮೊನ್ನೆ ಬೆಳಗ್ಗೆ ಅದರ ಪಕ್ಕದಲ್ಲಿ ನಿಂತು ಚಹಾ ಕುಡಿಯುತ್ತಿದ್ದ ಒರೇತಾ ಅವರನ್ನು, ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಹುದ್ದೆಯ ಬಗ್ಗೆ ಹೇಳುತ್ತಾರೆಂದುಕೊಂಡಿದ್ದೆ.

"ಮಾಸ್ ಎಗ್ಬರ್ಟ್ ಕಾಯಿಲೆ ಬಿದ್ದದ್ದು ಈ ವಾರ ಆಗಿದ್ದಿದ್ರೆ ಕೂಗ್ತಿದ್ದೆ," ಎಂದರು. ಆಮೇಲೆ ಮಿಸ್ ಡಾರ್ಕಸ್ ಕೈಯಿಂದ ಇನ್ನೊಂದು ಲೋಟ ಚಹಾ ತೆಗೆದುಕೊಂಡು ಒಳಗೆ ಹೋದರು.